ಮೂರು ನೂಲು

ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಇಪ್ಪತ್ತೇಳು ವರ್ಷ
ಮರದ ಪ್ಯಾಟರ್ನ್ ಕೆತ್ತಿದ ಕೈ ಇದು.
ಮಷಿನ್ನಿಗೆ ಹೆದರಲಿಲ್ಲ.
ಗೋಪಾಳದ ಮನೆಯ ಸ್ಕೂಟರ್ ಶೆಡ್ಡಿನಲ್ಲಿ
ಡಬ್ಬ ಬಿಚ್ಚಿ, ರೈಲು ಕೂರಿಸಿ, ಬೆಲ್ಟು ಬಿಗಿದು
ಎರಡೇ ದಿನಕ್ಕೆ ನಿಲ್ಲಿಸಿದೆ.
ನಿಂತಿತು. ಸುಮ್ಮನೆ ನಿಂತೇ ಇತ್ತು.

"ಸಾಫ್ಟ್‌ವೇರ್ ಹಾಕಿದ್ರಾ ಆಚಾರ್ ಅಂಕಲ್?"
ಮಹಡಿ ಮೇಲಿನ ಕೌಸರ್, ಪಾಲಿಟೆಕ್ನಿಕ್ ಎರಡನೇ ವರ್ಷ.
ಯಾವುದು? ಅಂದೆ.
"ಯಾವುದು ಅಲ್ಲ, ಯಾವ್ಯಾವುದು ಅಂತ ಕೇಳಿ."

ಒಂದು, ಆಕಾರ ಬರೆಯುವುದಕ್ಕೆ.
ಒಂದು, ಬಿಟ್ಟು ನಡೆಯುವ ದಾರಿ ಹುಡುಕುವುದಕ್ಕೆ.
ಇನ್ನೊಂದು, ಆ ದಾರಿಯನ್ನು ಸಾಲು ಸಾಲಾಗಿ
ಮಷಿನ್ನಿನ ಕಿವಿಯಲ್ಲಿ ಊದುವುದಕ್ಕೆ.
ಹಲಸಿನ ಹಲಗೆಗೆ ಹದಿನಾಲ್ಕು ಗುಳಿ ತೋಡಲು
ಮೂರು ಮೂರು ಜನವೇ?
ನಾನಾದರೆ ಒಂದು ಉಳಿ, ಒಂದು ಕೊಡತಿ;
ಯೋಚಿಸುವವನೂ ನಾನೇ, ಕಡಿಯುವವನೂ ನಾನೇ,
ಹೆಬ್ಬೆರಳು ಜಜ್ಜಿಕೊಳ್ಳುವವನೂ ನಾನೇ.

ಮಣೆ ಕೇಳಿದ್ದು ಕೌಸರಳ ದಾದಿ.
ಸೊರಬದಲ್ಲಿ ಹುಡುಗಿಯಾಗಿದ್ದಾಗ ಅಳಗುಳಿಯಲ್ಲಿ
ಅವರನ್ನು ಸೋಲಿಸಿದವರೇ ಇರಲಿಲ್ಲವಂತೆ.

ಮೊದಲನೆಯದರಲ್ಲಿ ಬರೆದೆ. ಪರದೆಯ ಗಾಳಿಯಲ್ಲಿ
ತೇಲುವ ಗುಳಿಗಳು, ಏಳರ ಎರಡು ಸಾಲು.
ಯಾವ ಮರ ಎಂದು ಅದು ಕೇಳಲೇ ಇಲ್ಲ.
ಎರಡನೆಯದಕ್ಕೆ ಬರೀ ಕೇಳುವುದೇ ಕೆಲಸ.
ಬಿಟ್ಟು ಎಷ್ಟು ದಪ್ಪ, ಮೂಗು ಚೂಪೋ ಗುಂಡೋ,
ಒಂದು ಸಲಕ್ಕೆ ಎಷ್ಟು ಕಚ್ಚಲಿ, ಎಷ್ಟು ಬಿರುಸಾಗಿ ಹೋಗಲಿ,
ಕೆಲಸವಿಲ್ಲದಾಗ ಎಷ್ಟು ಮೇಲೆ ಹಾರಲಿ.
ಹೆಣ್ಣು ನೋಡಲು ಬಂದ ಸೋದರತ್ತೆ!

ಎಲ್ಲಕ್ಕೂ ಉತ್ತರ ಕೊಟ್ಟ ಮೇಲೆ ನೀಲಿ ಗೆರೆ ಮೂಡಿತು.
ಗುಳಿಯ ಅಂಚಿನ ಮೇಲಲ್ಲ,
ಬಿಟ್ಟಿನ ಅರ್ಧ ದಪ್ಪದಷ್ಟು ಒಳಗೆ ಸರಿದು ಸುತ್ತುವ ಗೆರೆ.
ಇಲ್ಲಿ ಕುರ್ಚಿ ಹತ್ತಿರ ಎಳೆದುಕೊಂಡೆ.
ಇದು ನನಗೆ ಗೊತ್ತು.
ಎರಕದ ಕಬ್ಬಿಣ ಆರುವಾಗ ಕುಗ್ಗುತ್ತದೆ,
ಅದಕ್ಕೇ ನಾವು ಅಡಿಗೊಂದು ನೂಲು ಹಿಗ್ಗಿಸಿ ಕೆತ್ತುತ್ತಿದ್ದೆವು.
ಸರಿ ಬರಬೇಕೆಂದರೆ ಎಷ್ಟು ತಪ್ಪಬೇಕು,
ಅದೇ ನನ್ನ ಕಸುಬು.

"ಪೋಸ್ಟ್ ಯಾವುದು?" ಎಂದಿತು. ಪಿನ್‌ಕೋಡ್ ಹೇಳಿದೆ.
ಕೌಸರ್ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು.
ದಾರಿ ಒಂದೇ ಆದರೂ ಮಷಿನ್ನಿಗೊಂದು ಆಡುಮಾತು;
ತೀರ್ಥಹಳ್ಳಿಯವರು ಅಂದದ್ದನ್ನು
ಶಿಕಾರಿಪುರದವರಿಗೆ ತಿಳಿಯುವ ಹಾಗೆ ಹೇಳುವವನು ಪೋಸ್ಟು.
ಜಿ ಸೊನ್ನೆ: ಹಾರು. ಜಿ ಒಂದು: ಕಡಿಯುತ್ತಾ ನಡೆ.
ಮಗ್ಗಿಯಂತೆ ಬಾಯಿಪಾಠ ಮಾಡಿದೆ, ಈ ವಯಸ್ಸಿನಲ್ಲಿ.

ಸೊನ್ನೆ ಎಲ್ಲಿದೆ ಎಂದು ಮಾತ್ರ ಮೂರಕ್ಕೂ ಗೊತ್ತಿಲ್ಲ.
ಭದ್ರಾವತಿ ಬಸ್ಸಿನ ಟಿಕೆಟ್ಟನ್ನು ಹಲಗೆಯ ಮೇಲಿಟ್ಟು
ಬಿಟ್ಟನ್ನು ಕೂದಲೆಳೆಯಷ್ಟೇ ಇಳಿಸುತ್ತಾ
ಟಿಕೆಟ್ಟು ಎಳೆದು ನೋಡುವುದು, ಇಳಿಸುವುದು, ಎಳೆಯುವುದು.
ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಸೊನ್ನೆ.

ಶುರು ಒತ್ತಿದೆ.
ಹಳದಿ ಪುಡಿ ಹಾರಿತು, ಶೆಡ್ಡೆಲ್ಲ ಹಲಸಿನ ವಾಸನೆ.
ಏಳು ಗುಳಿ ಮುಗಿದವು. ಎಂಟನೆಯದಕ್ಕೆ ಕರೆಂಟು ಹೋಯಿತು.
ಬೆರಳಿಟ್ಟು ನೋಡಿದೆ: ತಟ್ಟೆಯಷ್ಟೂ ಆಳವಿಲ್ಲ.
ಹುಣಸೆಬೀಜ ಹಾಕಿದರೆ ಜಾರಿ ಪಕ್ಕದ ಮನೆಗೆ ಹೋಯಿತು.

ಆಳದ ಕಾಲಂನಲ್ಲಿ ನಾನು ಮೂರು ಎಂದು ಒತ್ತಿದ್ದೆ.
ನನ್ನ ಮೂರು, ನೂಲು.
ಅದರ ಮೂರು, ಮಿಲಿಮೀಟರು.
ತಪ್ಪು ಯಾರದೂ ಅಲ್ಲ ಎಂದಳು ಕೌಸರ್. ನನ್ನದೇ.

ಕರೆಂಟು ಬಂದಾಗ ಮಷಿನ್ನಿಗೆ
ತಾನು ಎಲ್ಲಿದ್ದೇನೆಂಬುದೇ ಮರೆತುಹೋಗಿತ್ತು.
ಮೂಲೆಯವರೆಗೆ ತಡವುತ್ತಾ ಹೋಗಿ, ಸ್ವಿಚ್ಚು ಮುಟ್ಟಿ,
ಅಲ್ಲಿಂದ ಮತ್ತೆ ಎಣಿಸತೊಡಗಿತು.
ಮತ್ತೆ ಟಿಕೆಟ್ಟು. ಮತ್ತೆ ಸೊನ್ನೆ.
ಒಂಬತ್ತೂವರೆ ಎಂದು ಒತ್ತಿದೆ.
ಫೈಲಿಗೆ 'ಗುಳಿ ಸರಿ ನಿಜವಾಗ್ಲೂ ಸರಿ ನಾಲ್ಕು' ಎಂದು ಹೆಸರು.

ಸಂಜೆ ಮಹಡಿಯಿಂದ ಬೀಜ ಬೀಳುವ ಸದ್ದು.
ದಾದಿ ಗೆಲ್ಲುತ್ತಿದ್ದರೋ, ಜಗಳವೋ, ತಿಳಿಯಲಿಲ್ಲ.

ಮಣೆ ಕೊಡುವ ಮುಂಚೆ ಒಂದು ಮಾತು ಕೇಳಿದ್ದೆ:
ಹಲಸು ನೀರು ಕುಡಿದರೆ ಹಿಗ್ಗುತ್ತದೆ,
ಅದನ್ನು ಯಾವ ಕಾಲಂನಲ್ಲಿ ತುಂಬಲಿ?
ಕೌಸರ್ ಮೂರರಲ್ಲೂ ಹುಡುಕಿದಳು. ಇರಲಿಲ್ಲ.
ಮಣೆ ಮಗುಚಿ ಸೀಸದಕಡ್ಡಿಯಲ್ಲಿ ಬರೆದೆ:
ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ.