ಪಿಸುಮಾತಿನ ಒಂದನೇ ಕ್ಲಾಸು

ಇವರು ಆಸ್ಪತ್ರೆಯ ಲಾಂಡ್ರಿಯಿಂದ
ಬೆಳಗಿನ ಆರಕ್ಕೆ ಬಂದು
ಪರದೆಯಾಚೆ ಬಿದ್ದುಕೊಳ್ಳುತ್ತಾರೆ.
ಪರದೆಯೀಚೆ ಏಳೂವರೆಗೆ
ಶಮಂತನ ಶಾಲೆ.

ಶಾರ್ಜಾ, ಅಬು ಶಗಾರ, ನಾಲ್ಕನೇ ಮಾಳಿಗೆ.
ಒಂದು ಫ್ಲ್ಯಾಟಿಗೆ ಮೂರು ಸಂಸಾರ,
ಮೂರಕ್ಕೂ ಒಂದೇ ವೈಫೈ.
ನಮ್ಮ ಪಾಲಿಗೆ ಒಂದು ಕೋಣೆ, ಅರ್ಧ ಕಿಟಕಿ,
ಹಗ್ಗಕ್ಕೆ ನೇತುಹಾಕಿದ, ಜರಿ ಕಿತ್ತ
ನನ್ನ ಸೀಮಂತದ ಸೀರೆ:
ಅದೇ ಪರದೆ.

ಇಸ್ತ್ರಿ ಮೇಜಿನ ಮೇಲೆ ಫೋನು,
ಫೋನಿಗೆ ಆನಿಕೆ ಅವಲಕ್ಕಿ ಡಬ್ಬ.
ಸ್ಟೂಲಿನಿಂದ ಹುಡುಗನ ಕಾಲು ನೆಲ ಮುಟ್ಟುವುದಿಲ್ಲ.
ಸೊಂಟದ ಮೇಲೆ ಯೂನಿಫಾರ್ಮು, ಟೈ;
ಕೆಳಗೆ ಬರೀ ಚಡ್ಡಿ.

"ಗುಡ್ ಮಾರ್ನಿಂಗ್ ಮಿಸ್" ಅನ್ನುತ್ತಾನೆ,
ಗುಟ್ಟು ಹೇಳುವವನ ಹಾಗೆ.
"ಜೋರಾಗಿ, ಶಮಂತ್, ಜೋರಾಗಿ!"
ಅವನು ನನ್ನ ಮುಖ ನೋಡುತ್ತಾನೆ.
ನಾನು ಸೀರೆಯ ಕಡೆ ನೋಡುತ್ತೇನೆ.
ಆಚೆ ಒಂದು ಗೊರಕೆ ತಡೆದು
ಮತ್ತೆ ಶುರುವಾಗುತ್ತದೆ.

ಅಕ್ಷರಕ್ಕೂ ಮೊದಲು ಅವನು ಕಲಿತದ್ದು
ಕೆಂಪು ಗೀಟು ಎಳೆದ ಆ ಮೈಕಿನ ಚಿತ್ರ.
ಪದ್ಯ ಬಂದರೆ ಅದನ್ನು ಒತ್ತಿ
ಬಾಯಿ ಮಾತ್ರ ಆಡಿಸುತ್ತಾನೆ.
ಗಂಗೊಳ್ಳಿ ಬಂದರಿನಲ್ಲಿ, ಅಮ್ಮನ ಬುಟ್ಟಿಯಲ್ಲಿ,
ಬಂಗುಡೆ ಹೀಗೇ ಬಾಯಿ ಬಿಡುತ್ತಿತ್ತು.
ಬೇಡ, ಆ ಮಾತು ಬೇಡ.

ಮೊನ್ನೆ ಜೋಸ್ಲಿನ್ ಮಿಸ್ ಮೆಸೇಜು ಹಾಕಿದರು:
ಬಿ ಹೋಗಿ ಡಿ ಆಗುತ್ತಿದೆ,
ಏಳು, ಒಂಬತ್ತು ಬೆನ್ನು ತಿರುಗಿಸಿ ನಿಲ್ಲುತ್ತಿವೆ,
ಒಮ್ಮೆ ಡಾಕ್ಟರಿಗೆ ತೋರಿಸಿ.
ರಾತ್ರಿಯಿಡೀ ನನಗೆ ಕಣ್ಣು ಕೂಡಲಿಲ್ಲ.
ಬೆಳಿಗ್ಗೆ ಪಕ್ಕದಲ್ಲೇ ಕೂತು ನೋಡಿದೆ.
ಬರೆಯುತ್ತಾನೆ, ಪುಸ್ತಕ ಎತ್ತಿ ಹಿಡಿಯುತ್ತಾನೆ,
ಫೋನಿನೊಳಗೆ ತನ್ನದೇ ಮುಖದ ಪಕ್ಕ
ಅಕ್ಷರ ಉಲ್ಟಾ ಕಾಣುತ್ತದೆ, ಕನ್ನಡಿಯಲ್ಲಿ ಕಂಡಂತೆ.
ತಪ್ಪಾಯಿತೆಂದು ಉಜ್ಜಿ ಅಳಿಸಿ
ಫೋನಿಗೆ ಸರಿ ಕಾಣುವ ಹಾಗೆ
ತಿರುಗಿಸಿ ಬರೆಯುತ್ತಾನೆ.
ಇದಕ್ಕೆ ಯಾವ ಡಾಕ್ಟರು?

ಅಡುಗೆಮನೆಯಲ್ಲಿ ಮೂರು ಕುಕ್ಕರು, ದಿನವೂ ಪಂಚಾಯಿತಿ.
"ಒಂದು ವರ್ಷ ಬಿಟ್ರೆ ಎಂತ ಮುಳುಗಿ ಹೋಗ್ತದೆ?
ಆರು ವರ್ಷದ ಮಕ್ಕಳು, ಮಣ್ಣಲ್ಲಿ ಆಡಲಿ" ಅನ್ನುತ್ತಾಳೆ ನಸೀಮಾ.
ಮಣ್ಣೆಲ್ಲಿದೆ ಮಾರಾಯ್ತಿ?
ಕೆಳಗಿನ ಮರಳಿನಲ್ಲಿ ಶಾಲೆ ಬಸ್ಸುಗಳು ಸಾಲಾಗಿ ನಿಂತು
ಧೂಳು ತಿನ್ನುತ್ತಿವೆ,
ಒಂದರ ಗಾಜಿನ ಮೇಲೆ ಯಾರೋ ಬೆರಳಲ್ಲಿ ನಗುವ ಮುಖ ಬರೆದಿದ್ದಾರೆ.
"ಫೀಸು ಕಟ್ಟಿಯಾಗಿದೆ, ನಾಲ್ಕಕ್ಷರವಾದರೂ ಬರಲಿ" ಅನ್ನುತ್ತಾಳೆ ಲವೀನಾ.
ಇಬ್ಬರದೂ ಸರಿ ಅನ್ನಿಸುತ್ತದೆ.
ನನ್ನ ಸೀಟಿಗಳ ಲೆಕ್ಕ ತಪ್ಪುತ್ತದೆ.

ಅವನಿಗೆ ಗೆಳತಿ ಬೇರೆ ಇದ್ದಾಳೆ:
"ಎರಡನೇ ಸಾಲು, ಮೂರನೇ ಚೌಕ, ಅಬೀರಾ."
ಬಿಡುವಿನ ಹೊತ್ತಿಗೆ ಅರ್ಧ ಬಿಸ್ಕತ್ತನ್ನು
ಅವಳ ಬಾಯಿ ಇರುವಲ್ಲಿ ಒತ್ತುತ್ತಾನೆ.
ತಿಂದಳಂತೆ.
ನಾನು ಸೆರಗಿನಲ್ಲಿ ಗಾಜು ಒರೆಸುತ್ತೇನೆ.

ನಿನ್ನೆ ಪಾಠ, ನಮಗೆ ನೆರವಾಗುವವರು.
ಒಬ್ಬರಪ್ಪ ಡ್ರೈವರು, ಒಬ್ಬರಪ್ಪ ಬ್ಯಾಂಕು.
"ಶಮಂತ್, ನಿನ್ನ ಅಪ್ಪ ಏನು ಮಾಡ್ತಾರೆ?"
ಗೀಟು ತೆಗೆದು, ಫೋನಿನ ಹತ್ತಿರ ಬಾಗಿ ಹೇಳಿದ:
"ನಿದ್ದೆ ಮಾಡ್ತಾರೆ ಮಿಸ್."
ಇಪ್ಪತ್ತೆಂಟು ಚೌಕಗಳೂ ನಕ್ಕವು.
ಗೊರಕೆ ನಿಂತಿತು.

ಸ್ವಲ್ಪ ಹೊತ್ತಿಗೆ ಸೀರೆ ಸರಿಯಿತು.
ಕೆಂಪು ಕಣ್ಣು, ಬ್ಲೀಚು ತಿಂದ ಕೈಬೆರಳು,
ಲುಂಗಿ ಬಿಗಿದು ಬಂದು ಸ್ಟೂಲಿನ ಪಕ್ಕ ನೆಲಕ್ಕೆ ಕೂತರು.
"ಎದ್ದಿದ್ದೇನೆ ಮಗಾ. ನಿನ್ನ ಪದ್ಯ ಹೇಳು. ಜೋರಾಗಿ."

ಹುಡುಗ ಗಂಟಲು ಸರಿಮಾಡಿಕೊಂಡ,
ಎದೆ ತುಂಬ ಉಸಿರೆಳೆದ,
ಬಾಯಿ ತೆರೆದ,
ಯಾಕೋ ತಡೆದ.
ಆಮೇಲೆ ಅಪ್ಪನ ಕಿವಿಗೆ ತುಟಿ ಹಚ್ಚಿ
ಇಡೀ ಪದ್ಯ ಹೇಳಿದ,
ಮೊದಲಿಂದ ಕೊನೆವರೆಗೆ, ಪಿಸುಪಿಸು.

"ಶಮಂತ್," ಮಿಸ್ ಕೂಗುತ್ತಿದ್ದರು,
"ಶಮಂತ್, ಕೇಳಿಸ್ತಾ ಇಲ್ಲ."