ಎಡಗೈ ತಿರುಚು

ಲುವಾಂಗ್ವಾ ನದಿಯ ದಂಡೆ, ಅಕ್ಟೋಬರಿನ ಉರಿಬಿಸಿಲು.
ಮಾವಿನ ಮರದಡಿ ಒಂಬತ್ತು ಹೆಂಗಸರು,
ಒಂಬತ್ತು ಸುತ್ತಿಗೆ, ಅಡಿಗಲ್ಲಿನ ಬದಲು
ಎಲ್ಲಿಂದಲೋ ಬಂದ ರೈಲುಕಂಬಿಯ ತುಂಡು.
ನಾನು ಲೆಕ್ಕದವಳು. ಮೂವತ್ತು ವರ್ಷ
ಮಕ್ಕಳಿಗೆ ಕೂಡುವ ಕಳೆಯುವ ಲೆಕ್ಕ ಹೇಳಿದವಳು,
ಈಗ ಇಲ್ಲಿ ಕೂಡುತ್ತೇನೆ, ಕಳೆಯುತ್ತೇನೆ.

ಸೋಮವಾರ ಕಾವಲು ತಂಡ ಬರುತ್ತದೆ.
ಗೋಣಿಚೀಲ ಬೋರಲು ಹಾಕಿದರೆ ಉರುಲುಗಳ ರಾಶಿ:
ಬೇಲಿಯ ತಂತಿ, ಸೈಕಲ್ ಬ್ರೇಕಿನ ತಂತಿ,
ಲಾರಿ ಟೈರು ಸುಟ್ಟು ತೆಗೆದ ತಂತಿ.
ಒಂದೆರಡಕ್ಕೆ ಕೂದಲು ಇನ್ನೂ ಅಂಟಿರುತ್ತದೆ.
ಯಾವುದರದ್ದೆಂದು ನಾವು ಕೇಳುವುದಿಲ್ಲ.
ಮೆಕ್ಕೆಜೋಳದ ತಕ್ಕಡಿಯಲ್ಲೇ ತೂಗುತ್ತೇನೆ:
ಹದಿನಾಲ್ಕು ಕೇಜಿ, ಇನ್ನೂರು ಗ್ರಾಂ.

ತಂಡದ ಮುಂದಾಳು ಲಾಕ್ಸನ್ ಎನ್‌ಜೋವು.
ನಮ್ಮ ಮಾತಿನಲ್ಲಿ ಎನ್‌ಜೋವು ಎಂದರೆ ಆನೆ; ಅವನ ಕುಲದ ಹೆಸರು.
ಆನೆಯ ಹೆಸರಿನವನು ಆನೆಯ ಹೆಜ್ಜೆ ಹಿಡಿದು
ತಿಂಗಳಿಗೆ ಇಪ್ಪತ್ತು ದಿನ ನಡೆಯುತ್ತಾನೆ.
ಸುಟ್ಟ ಹುಲ್ಲಿನ ಕಾವಿಗೆ ಬೂಟಿನ ಅಟ್ಟೆ ಕರಗಿ
ಸೈಕಲ್ ಟ್ಯೂಬಿನಿಂದ ಬಿಗಿದುಕೊಂಡಿದ್ದಾನೆ.
ಸರ್ಕಾರದ ಬೂಟು ಬರುತ್ತದೆ, ಬರುತ್ತದೆ, ಬರುತ್ತಲೇ ಇದೆ.
ಅದಕ್ಕೇ ನಮ್ಮ ಈ ಲೆಕ್ಕ:
ಒಂದು ಜೊತೆ ಬೂಟಿಗೆ
ಅರವತ್ತೆರಡು ಜೊತೆ ಓಲೆ.

ಪ್ರವಾಸಿ ಹೆಂಗಸೊಬ್ಬಳು ಓಲೆಯನ್ನು ಕಿವಿಗೆ ಹಿಡಿದು
ಕನ್ನಡಿ ನೋಡುತ್ತ ಕೇಳಿದಳು,
"ಇದರಲ್ಲಿ ಯಾವ ಪ್ರಾಣಿ ಸತ್ತಿತ್ತು?"
ಟಿಸೌಕೆ ಅಂದಳು:
"ಏನೂ ಇಲ್ಲ ತಾಯಿ, ಚೆನ್ನಾಗಿ ತೊಳೆದಿದ್ದೇವೆ."

ಜೆಲಿಪಾ ಬಂದದ್ದು ಜೂನಿನ ಚಳಿಯಲ್ಲಿ.
ಅವಳ ಗಂಡ ಮಟೇಯೋ ಚಿಪಾಟದ ಜೈಲಿನಲ್ಲಿ, ಐದು ವರ್ಷ.
ಹಿಡಿದವನು ಲಾಕ್ಸನ್.
ಊರಿಗೆಲ್ಲ ಗೊತ್ತು, ಯಾರ ಬಾಯಲ್ಲೂ ಇಲ್ಲ.
ಅವಳು ಬಂದಳು, ಸುತ್ತಿಗೆ ಕೇಳಿದಳು, ಕೂತಳು.

ನಿನ್ನೆ ರಾಶಿಗೆ ಹಾಕಿದ ಅವಳ ಕೈ
ಅಲ್ಲೇ ನಿಂತಿತು.
ಬಲಕ್ಕೆ ತಿರುಚುತ್ತಾರೆ ಎಲ್ಲರೂ.
ಇದು ಎಡಕ್ಕೆ, ಮೂರು ಸುತ್ತು,
ತುದಿ ಒಳಗೆ ಮಡಚಿದ್ದು, ಕೈಗೆ ಚುಚ್ಚದ ಹಾಗೆ.
ಎರಡು ಮಳೆಗಾಲ ಯಾವುದೋ ಒಣ ಹಳ್ಳದಲ್ಲಿ
ಬಾಯ್ದೆರೆದು ಕಾದು, ಏನೂ ಸಿಗದೆ, ಕೆಂಪಾಗಿತ್ತು.
ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮಟೇಯೋಗೆ
ಇದೊಂದೇ ಕೈಬರಹ.

ಫಾಲೇಸಿ ಹಿಟ್ಟಿನ ಬೆಲೆಯ ಮಾತು ನಿಲ್ಲಿಸಲಿಲ್ಲ.
ನೀರು ಕುಡಿಯುತ್ತಿದ್ದ ಲಾಕ್ಸನ್
ಅವಳನ್ನು ನೋಡಿದ, ತನ್ನ ಬೂಟು ನೋಡಿಕೊಂಡ,
ಚೊಂಬು ಕೆಳಗಿಟ್ಟು ಎದ್ದು ಹೋದ.
ಜೆಲಿಪಾ ತಂತಿಯನ್ನು ಕಂಬಿಯ ಮೇಲಿಟ್ಟು
ಬಡಿದಳು. ನೆಟ್ಟಗಾಗುವ ತನಕ ಬಡಿದಳು.

ಈಗ ನನ್ನ ಪುಸ್ತಕ ನೋಡಿ.
ಅವಳ ಪಾಲು ಈ ಕಾಲಮ್ಮಿನಲ್ಲಿ:
ಚಿಪಾಟಕ್ಕೆ ಹೋಗಿ ಬರುವ ಬಸ್ಸು,
ಅವನಿಗೊಂದು ಸೋಪು, ಒಣಮೀನು.
ಬೂಟಿನ ಪಾಲು ಪಕ್ಕದ ಕಾಲಮ್ಮಿನಲ್ಲಿ.
ತಂತಿ ಅದೇ, ಬೆವರು ಅದೇ,
ನಡುವೆ ನಾನು ಎಳೆದ ಗೆರೆ.
ಮೂವತ್ತು ವರ್ಷ ಗೆರೆ ನೇರ ಎಳೆಯಿರಿ ಎಂದು
ಮಕ್ಕಳ ಬೆರಳಿಗೆ ಹೊಡೆದವಳು.

ಸಂಜೆ ತೂಗಿದಾಗ ಹನ್ನೆರಡು ಗ್ರಾಂ ಕಡಿಮೆ.
ಎರಡನೆಯ ಸಲ ತೂಗಿದೆ. ಅಷ್ಟೇ.
ಜೆಲಿಪಾ ಆಗಲೇ ದಾರಿ ಹಿಡಿದಿದ್ದಳು,
ಸೀರೆಯಂತೆ ಸುತ್ತಿದ ಚಿತೆಂಗೆಯ ಗಂಟನ್ನು
ಒಂದು ಕೈಯಲ್ಲಿ ಮುಷ್ಟಿಮಾಡಿ.
ಅಂಥದೇ ಇನ್ನೊಂದಿತ್ತೋ ಏನೋ ಆ ರಾಶಿಯಲ್ಲಿ.
ಜೈಲಿನಿಂದ ಅವಳಿಗೆ ಬೇರೆ ಓಲೆ
ಯಾವುದೂ ಬಂದದ್ದು ನಾನು ಕಾಣೆ.

ಪೆನ್ನು ಸ್ವಲ್ಪ ಹೊತ್ತು ಹಿಡಿದು ಕೂತೆ.
ಆಮೇಲೆ ಬರೆದೆ:
ತುಕ್ಕು ಉದುರಿ ಹೋಗಿದ್ದು, ಹನ್ನೆರಡು ಗ್ರಾಂ.