ಬಟವಾಡೆ

ಮೂವತ್ತೊಂದು ವರ್ಷ ಗ್ರೋನಿಂಗನ್ನಿನ ಓಣಿಗಳಲ್ಲಿ
ಟಪಾಲು ಹಂಚಿದವಳು ನಾನು.
ಎದುರುಗಾಳಿಗೆ ಸೈಕಲ್ ತುಳಿದು ತುಳಿದು
ಮೊಣಕಾಲಿಗೆ ಬಂದ ನೋವು ಪರಿಚಿತ.
ಸೊಂಟಕ್ಕೆ ಬಂದದ್ದು ಬೇರೆಯದು.

ಸೋಮವಾರ ಒಂಬತ್ತಕ್ಕೆ
ರೆಮ್ಕೊ ಸೀಸದ ಡಬ್ಬಿಯ ಮುಚ್ಚಳ ತೆಗೆದ.
ಬೆರಳುದ್ದದ ಸಿರಿಂಜು. ಒಳಗೆ ನೀರಿನಂಥದೇ ಏನೋ.
"ಇವು ಪ್ರತಿಕಾಯಗಳು, ಸೀಟ್ಸ್ಕೆ ಅವರೇ.
ಬೆನ್ನಿಗೆ ಒಂದು ಚೂರು ಜಿರ್ಕೋನಿಯಂ ಕಟ್ಟಿದ್ದೇವೆ.
ಒಂದೇ ಬಗೆಯ ಬಾಗಿಲು ಹುಡುಕುತ್ತವೆ,
ಸಿಕ್ಕರೆ ಅಲ್ಲೇ ಕೂತು ಮಿಣುಕುತ್ತವೆ."
ನಕ್ಕುಬಿಟ್ಟೆ.
ಹೆಸರು ಗೊತ್ತು, ಬೀದಿ ಗೊತ್ತಿಲ್ಲ:
ಕೆಲಸಕ್ಕೆ ಸೇರಿದ ಮೊದಲ ವಾರ
ನನ್ನದೂ ಇದೇ ಪಾಡು.

"ಚಿತ್ರ ಇವತ್ತೇ ಅಲ್ಲವೆ?"
"ಶುಕ್ರವಾರ ಬನ್ನಿ. ದೊಡ್ಡ ಅಣು, ನಿಧಾನದ ನಡಿಗೆ.
ಈಗ ನೋಡಿದರೆ ಬರೀ ರಕ್ತ ಬೆಳಗುತ್ತೆ,
ಎಲ್ಲರೂ ಇನ್ನೂ ಬೀದಿಯಲ್ಲೇ ಇರುತ್ತಾರೆ."

ನಾಲ್ಕು ದಿನ
ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸುವಂತಿಲ್ಲ.
ಫೆನ್ನಾ ಕಿಟಕಿಯಾಚೆ ನಿಂತು, ಗಾಜಿಗೆ ಮೂಗೊತ್ತಿ,
"ಅಜ್ಜೀ, ಕತ್ತಲಲ್ಲಿ ಹೊಳೀತೀಯಾ?"
ರಾತ್ರಿ ದೀಪ ಆರಿಸಿ ಅಂಗೈ ನೋಡಿಕೊಂಡೆ.
ಇಲ್ಲ.
ಗುರುವಾರ ಮಧ್ಯಾಹ್ನಕ್ಕೆ ಅರ್ಧ ತೀರಿಹೋಗಿತ್ತಂತೆ.
ಮೈಗೆ ಸುದ್ದಿಯೇ ಇಲ್ಲ;
ನಾನು ಬಟಾಣಿ ಸೂಪಿಗೆ ಉಪ್ಪು ಸಾಕೇ ಎಂದು
ರುಚಿ ನೋಡುತ್ತಿದ್ದೆ.

ಶುಕ್ರವಾರ ಯಂತ್ರದ ಬಳೆಯೊಳಗೆ,
ತೋಳು ತಲೆಯ ಮೇಲೆ, ಮುಕ್ಕಾಲು ತಾಸು.
ಪರದೆಯಲ್ಲಿ ಯಕೃತ್ತು ಧಗಧಗ.
ಎದೆ ಧಸಕ್ಕೆಂದಿತು.
"ಅದು ಎಲ್ಲರಿಗೂ ಹಾಗೇ," ಎಂದರು ಡಾಕ್ಟರ್ ಮೆಡೆಮಾ.
ಸರಿ ಬಿಡಿ, ಅದು ದೊಡ್ಡ ಅಂಚೆ ಕಚೇರಿ,
ಎಲ್ಲ ಚೀಲವೂ ಅಲ್ಲಿ ಇಳಿಯಲೇಬೇಕು.
ಆಮೇಲೆ ಪೆನ್ನಿನ ತುದಿ ನಿಂತು ನಿಂತು ಹೋಯಿತು:
ಸೊಂಟದಲ್ಲಿ ಎರಡು,
ಪಕ್ಕೆಲುಬಿನಲ್ಲಿ ಒಂದು,
ಬೆನ್ನುಮೂಳೆಯಲ್ಲಿ ಅಕ್ಕಿಕಾಳಿನಷ್ಟು.
ನನ್ನೊಳಗೇ ಇಷ್ಟು ಮನೆ ಎದ್ದಿವೆ,
ಒಬ್ಬರೂ ನನ್ನ ಕೇಳಿರಲಿಲ್ಲ.
ಕಾಗದ ಮಾತ್ರ ಸರಿಯಾಗಿ ತಲುಪಿದೆ.
"ಹಾಗಾದರೆ ಅದೇ ಬಾಗಿಲು ತಟ್ಟುವ ಔಷಧಿ ಕೊಡೋಣ."

ಮೂರು ಸುತ್ತು ಔಷಧಿ. ಬೀಚ್ ಮರಗಳು ಬೋಳಾದವು.
ಮತ್ತೊಂದು ಸೋಮವಾರ, ಮತ್ತೊಂದು ಶುಕ್ರವಾರ.
ಸೊಂಟ ಕತ್ತಲು. ಬೆನ್ನು ಕತ್ತಲು.
ಪಕ್ಕೆಲುಬಿನಲ್ಲಿ ಆರುವ ಬೂದಿಯಷ್ಟು.
ರೆಮ್ಕೊನ ಮುಖ ಅರಳಿತ್ತು, ಪಾಪ, ಚಿಕ್ಕ ಹುಡುಗ.

ನನಗೋ ಹಳೆಯ ಕಸುಬಿನ ಅನುಮಾನ.
ಕಾಲುವೆ ಪಕ್ಕದ ಹದಿನಾಲ್ಕನೇ ನಂಬರಿನಲ್ಲಿ ಒಮ್ಮೆ
ಹೆಸರಿನ ಫಲಕ ಇರಲಿಲ್ಲ.
ಮೂರು ವಾರ ಕಾಗದ ವಾಪಸು ತಂದು
'ವಿಳಾಸದಾರರಿಲ್ಲ' ಎಂದು ಮುದ್ರೆ ಒತ್ತಿದೆ.
ನಾಲ್ಕನೇ ವಾರ ಒಂದು ಬೆಳಿಗ್ಗೆ
ಅದರ ಚಿಮಣಿಯಲ್ಲಿ ಹೊಗೆ.

"ಡಾಕ್ಟರೇ, ಮನೆ ಖಾಲಿಯಾಗಿದೆಯೋ,
ಫಲಕ ಕಿತ್ತಿಟ್ಟುಕೊಂಡು ಒಳಗೇ ಇದ್ದಾರೋ?"

ಮೆಡೆಮಾ ಪೆನ್ನು ಕೆಳಗಿಟ್ಟರು.
ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.
"ಎರಡೂ ಆಗುತ್ತೆ. ಚಿತ್ರಕ್ಕೆ ಅಷ್ಟೇ ಗೊತ್ತು.
ಮಂಗಳವಾರ ಸೂಜಿ ಹಾಕಿ ಒಂದು ಚೂರು ತೆಗೆಯೋಣ."

ಬಸ್ಸಿನಲ್ಲಿ ಮನೆಗೆ ಹೊರಟವಳು
ಒಂದು ನಿಲ್ದಾಣ ಮೊದಲೇ ಇಳಿದೆ.
ಕಾಲುವೆಯ ನೀರು ಗಾಳಿಗೆ ಮುದುರುತ್ತಿತ್ತು.
ಹದಿನಾಲ್ಕರ ಎದುರು ಊರುಗೋಲಿಗೆ ಭಾರ ಕೊಟ್ಟು
ಚಿಮಣಿಯನ್ನೇ ನೋಡುತ್ತ ನಿಂತೆ,
ಇನ್ನೊಂದು ಬಸ್ಸು ಬರುವವರೆಗೆ.